ಎಂತ ಬೇಡ ಅಂದದ್ದಕ್ಕೆ ಬಂದ ಪ್ರೊಸೆಸರ್

ನನಗೆ ಬೀಡಿಯಿಲ್ಲ, ಬ್ರಾಂದಿಯಿಲ್ಲ. ಎಲೆಯಡಿಕೆಯನ್ನೂ ಮದುವೆ ಊಟವಾದ ಮೇಲೆ, ಅದೂ ಪಕ್ಕದವರು ಒತ್ತಾಯ ಮಾಡಿದರೆ ಮಾತ್ರ ಹಾಕಿಕೊಳ್ಳುವವನು. ಆದರೂ ಯಾರಾದರೂ ಮನೆಗೆ ಬಂದು ನನ್ನನ್ನು ಚಟವಿಲ್ಲದ ಮನುಷ್ಯ ಎಂದು ಹೊಗಳಿದರೆ ನನ್ನ ಹೆಂಡತಿ ಪೂರ್ಣಿಮಾ ಅಡುಗೆಮನೆಯಿಂದಲೇ ಒಮ್ಮೆ ಕೆಮ್ಮುತ್ತಾಳೆ. ಆ ಕೆಮ್ಮಿನಲ್ಲಿ ಸತ್ಯವಿದೆ. ನನಗೊಂದು ಚಟವಿದೆ, ಅದು ಹೋಲಿಸುವುದು. ಕೊಳ್ಳುವುದಲ್ಲ, ಕೊಳ್ಳುವ ಚಟದವರು ಎಷ್ಟೋ ವಾಸಿ, ಅವರ ಮನೆಯಲ್ಲಿ ಕೊನೆಗೆ ಸಾಮಾನಾದರೂ ಇರುತ್ತದೆ. ನಾನು ಎರಡು ವಸ್ತುಗಳನ್ನು ಎದುರುಬದುರು ಇಟ್ಟು, ಇದಕ್ಕಿಂತ ಅದು ಹೇಗೆ, ಅದಕ್ಕಿಂತ ಇದು ಹೇಗೆ ಎಂದು ನೋಡುತ್ತ ಕೂತೆನೆಂದರೆ ಹಸಿವೆ ನೀರಡಿಕೆ ಇಲ್ಲ. ಒಮ್ಮೆ ಪುತ್ತೂರಿನ ಪಾತ್ರೆ ಅಂಗಡಿಯಲ್ಲಿ ಎರಡು ಕುಕ್ಕರುಗಳ ಹಿಡಿ, ಮುಚ್ಚಳ, ರಬ್ಬರು, ತಳದ ದಪ್ಪ ಎಲ್ಲವನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತ ಪರೀಕ್ಷಿಸುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ನನ್ನನ್ನು ಅಂಗಡಿಯವನೆಂದೇ ತಿಳಿದು, ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, ನಾನು ಒಳ್ಳೆಯದು ಎಂದ ಕುಕ್ಕರನ್ನು ಎತ್ತಿಕೊಂಡು ಹೋದರು. ಉಳಿದದ್ದನ್ನು ತರಲು ನನಗೆ ಮನಸ್ಸಾಗಲಿಲ್ಲ. ಅದರ ದೋಷಗಳನ್ನೆಲ್ಲ ಆಗಷ್ಟೇ ನಾನೇ ಹೇಳಿ ಮುಗಿಸಿದ್ದೆ.

“ನನ್ನನ್ನು ನೋಡ್ಲಿಕ್ಕೆ ಬಂದಾಗ ನೀವು ಹೋಲಿಸಿಲ್ವಾ?” ಎಂದು ಆ ದಿನ ಪೂರ್ಣಿಮಾ ಕೇಳಿದಳು.

“ಇಲ್ಲಪ್ಪ. ನೋಡಿದ ಕೂಡ್ಲೆ ಒಪ್ಪಿದೆ,” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ನಾನೂ ಹೋಲಿಸಿಲ್ಲ ಮಾರಾಯ್ರೆ. ಈಗ ಅನುಭವಿಸುದು,” ಎಂದು ಅವಳು ಹಳೆಯ ಪಾತ್ರೆಯಲ್ಲೇ ಅಕ್ಕಿ ಹಾಕಿದಳು.

ಕುಕ್ಕರಿನ ಕತೆ ಹಾಗೂ ಹೀಗೂ ಮುಗಿಯಿತು, ಅವಳ ಅಣ್ಣ ಸುಳ್ಯದಿಂದ ಒಂದನ್ನು ತಂದುಕೊಟ್ಟ. ಮುಗಿಯದೆ ಉಳಿದದ್ದು ಕಂಪ್ಯೂಟರಿನ ಪ್ರೊಸೆಸರಿನದ್ದು. ನಾನು ಕೋಡಿಂಬಾಳದವನು, ಸಹಕಾರಿ ಸಂಘದಲ್ಲಿ ಗುಮಾಸ್ತ. ಹಗಲೆಲ್ಲ ಸಂಘದ ಕಂಪ್ಯೂಟರಿನಲ್ಲಿ ಗೊಬ್ಬರ, ಮೈಲುತುತ್ತು ಎಂದು ಕುಟ್ಟಿ ಬಂದು, ಸಂಜೆ ಮನೆಯ ಕಂಪ್ಯೂಟರಿನಲ್ಲಿ ಇಂಥ ಹರಟೆಗಳನ್ನು ಬರೆಯುತ್ತೇನೆ. ಮನೆಯದು ಬಹಳ ಹಳೆಯ ಯಂತ್ರ. ಅದರ ಗುಂಡಿ ಒತ್ತಿ, ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿ, ಕೈಕಾಲು ತೊಳೆದು, ಚಹಾ ಕುಡಿದು ಬಂದರೆ ಪರದೆಯ ಮೇಲಿನ ಚುಕ್ಕಿಗಳು ಇನ್ನೂ ಸುತ್ತುತ್ತಲೇ ಇರುತ್ತವೆ. ಬರೆಯಲು ಶುರು ಮಾಡಿದ ಮೇಲೂ ನಾನು ಮುಂದೆ, ಅದು ಹಿಂದೆ. ವಾಕ್ಯ ಮುಗಿಸಿ ಕೈಕಟ್ಟಿ ಕೂತರೆ ಅಕ್ಷರಗಳು ಒಂದೊಂದಾಗಿ ನಿಧಾನಕ್ಕೆ ಬರುತ್ತವೆ, ಯಾರೋ ಬೇರೆಯವರು ಬರೆಯುತ್ತಿರುವುದನ್ನು ನೋಡಿದಂತೆ ನಾನು ನೋಡುತ್ತಿರುತ್ತೇನೆ. ಎಷ್ಟೋ ಸಲ ವಾಕ್ಯ ಪೂರ್ತಿ ಬರುವ ಹೊತ್ತಿಗೆ ಅದು ನನಗೇ ಹಿಡಿಸದೆ ಅಳಿಸಿದ್ದಿದೆ. ಅಳಿಸುವುದೂ ನಿಧಾನವೇ.

ಹೀಗಾಗಿ ಹೊಸ ಪ್ರೊಸೆಸರ್ ಬೇಕು ಎನ್ನುವ ಆಸೆ ನನಗೆ ಹುಟ್ಟಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಇಟ್ಟಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಂಡೆ. ನೋಡಲು ಒಂದು ಬಿಸ್ಕೀಟಿನಷ್ಟು ದೊಡ್ಡದು. ಅದರೊಳಗೆ ಕೋರ್ ಎಂಬ ಕೆಲಸದಾಳುಗಳಿರುತ್ತವೆ. ಆಳುಗಳು ಹೆಚ್ಚಿದಷ್ಟೂ ಕೆಲಸ ಬೇಗ ಎಂದು ಮಾರುವವರು ಹೇಳುತ್ತಾರೆ. ತೋಟದಲ್ಲಿ ಆಳುಗಳನ್ನಿಟ್ಟು ಅನುಭವವಿರುವ ನಮ್ಮ ಕಡೆಯವರು ಇದನ್ನು ಸುಲಭಕ್ಕೆ ನಂಬುವುದಿಲ್ಲ, ಅದು ಬೇರೆ ಮಾತು. ಇಂಟರ್‌ನೆಟ್ಟಿನಲ್ಲಿ ಇವುಗಳನ್ನು ಹೋಲಿಸಲಿಕ್ಕೆಂದೇ ತಾಣಗಳಿವೆ. ಎಡಕ್ಕೆ ಒಂದು, ಬಲಕ್ಕೆ ಒಂದು ಪ್ರೊಸೆಸರನ್ನು ಕೂರಿಸಿದರೆ ಸಾಕು, ವೇಗವೆಷ್ಟು, ಶಾಖವೆಷ್ಟು, ಕರೆಂಟು ಎಷ್ಟು ತಿನ್ನುತ್ತದೆ, ಕೋರ್ ಎಷ್ಟು ಎಂದು ಪಟ್ಟಿಗಳು ಉದ್ದಕ್ಕೂ ಗಿಡ್ಡಕ್ಕೂ ಎದ್ದು ನಿಲ್ಲುತ್ತವೆ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಬೇಡ. ನನ್ನ ಹಳೆಯ ಪ್ರೊಸೆಸರನ್ನೂ ಒಮ್ಮೆ ಎಡಕ್ಕೆ ಕೂರಿಸಿ ನೋಡಿದೆ. ಅದರ ಪಟ್ಟಿ ಇದೆಯೋ ಇಲ್ಲವೋ ಎಂದು ತಿಳಿಯಲು ಕನ್ನಡಕ ಒರೆಸಬೇಕಾಯಿತು.

“ನೀವು ಬರೆಯುದು ಮೂರು ಪುಟ,” ಎಂದಳು ಪೂರ್ಣಿಮಾ, ನನ್ನ ಹಿಂದೆ ನಿಂತು. “ಅದಕ್ಕೆ ಹದಿನಾರು ಕೋರ್ ಎಂತಕ್ಕೆ? ಒಂದು ಬರೀತದೆ. ಉಳಿದದ್ದು ಎಂತ ಮಾಡ್ತವೆ, ಓದಿ ನಗ್ತವಾ?”

“ಯಾರಾದ್ರೂ ನಗ್ಬೇಕಲ್ಲ,” ಎಂದೆ.

ಇಷ್ಟು ಹೇಳಿ ಹಮೀದನ ವಿಷಯ ಹೇಳದಿದ್ದರೆ ಈ ಕತೆಗೆ ಅರ್ಥವಿಲ್ಲ. ಡಿಗ್ರಿ ಮುಗಿಸಿದ ಹೊಸತರಲ್ಲಿ ನಾನೂ ಕಡಬದ ಹಮೀದನೂ ಸೇರಿ ಪೇಟೆಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ತೆರೆದಿದ್ದೆವು. ಸೆಂಟರ್ ಎಂದರೆ ಬಹಳ ಕಲ್ಪಿಸಿಕೊಳ್ಳಬೇಡಿ. ಅವನ ತಂದೆಯ ದಿನಸಿ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಮೇಜು, ಒಂದು ಕಂಪ್ಯೂಟರ್. ಮೆಟ್ಟಿಲ ಉದ್ದಕ್ಕೂ ಒಣಮೀನಿನ ವಾಸನೆ. ಆ ಒಂದು ಕಂಪ್ಯೂಟರಿನ ಬಿಡಿಭಾಗಗಳನ್ನು ಮಂಗಳೂರಿನಿಂದ ಇಬ್ಬರೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದದ್ದು. ಪ್ರೊಸೆಸರಿನ ಡಬ್ಬ ಹಮೀದನ ಅಂಗಿಯೊಳಗಿತ್ತು. ಉಪ್ಪಿನಂಗಡಿಯವರೆಗೆ ಅವನು ಎದೆ ಮೇಲಿನ ಕೈ ತೆಗೆಯಲಿಲ್ಲ, ಪಕ್ಕದ ಸೀಟಿನವರು ಅವನಿಗೆ ಎದೆನೋವು ಎಂದು ತಿಳಿದು ನೀರು ಕೊಟ್ಟರು. ಪ್ರೊಸೆಸರಿನ ಬೆನ್ನಿಗೆ ಶಾಖ ಹೀರುವ ಬಿಳಿ ಲೇಪ ಹಚ್ಚುವಾಗ ಇಬ್ಬರ ಕೈಯೂ ನಡುಗುತ್ತಿತ್ತು. ಗುಂಡಿ ಒತ್ತಿದಾಗ ಫ್ಯಾನು ತಿರುಗಿತಲ್ಲ, ಅಂಥ ಸಂತೋಷ ಆಮೇಲೆ ನನ್ನ ಮದುವೆಯ ದಿನವೂ ಆಗಲಿಲ್ಲ. ಇದನ್ನು ಪೂರ್ಣಿಮಾ ಓದುತ್ತಾಳೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹೆಚ್ಚು ಕಾಲ ನಡೆಯಲಿಲ್ಲ ಆ ಸೆಂಟರು. ಕಲಿಯಲು ಬರುವವರಿಗಿಂತ ನಾವು ಕಲಿಯುವುದೇ ಹೆಚ್ಚಾಗಿತ್ತು. ಅಷ್ಟರಲ್ಲಿ ಹಮೀದನ ಮಾವ ಗಲ್ಫಿನಿಂದ ವೀಸಾ ಕಳಿಸಿದರು, ಅವನು ಹೋದ. ಹೋಗುವ ಹಿಂದಿನ ದಿನ ಕಂಪ್ಯೂಟರನ್ನು ಆಟೋದಲ್ಲಿ ನಮ್ಮ ಮನೆಗೆ ತಂದಿಟ್ಟು, “ಇದು ನಿನ್ನ ಹತ್ರ ಇರ್ಲಿ. ನಾನು ಎರಡು ವರ್ಷದಲ್ಲಿ ಬರ್ತೇನೆ, ಮತ್ತೆ ಶುರು ಮಾಡುವ,” ಎಂದ. ಆ ಮಾತು ಆಡಿದಾಗ ನಮ್ಮಿಬ್ಬರ ತಲೆಯಲ್ಲೂ ಕೂದಲಿತ್ತು. ನಾನು ಈಗ ಬಯ್ಯುತ್ತಿರುವ ಕಂಪ್ಯೂಟರ್ ಅದೇ. ಬೇರೆ ಭಾಗಗಳು ಒಂದೊಂದಾಗಿ ಬದಲಾಗಿವೆ, ಆದರೆ ಬಸ್ಸಿನಲ್ಲಿ ಹಮೀದನ ಎದೆಗೆ ಒತ್ತಿಕೊಂಡು ಬಂದ ಪ್ರೊಸೆಸರ್ ಮಾತ್ರ ಹಾಗೆಯೇ ಇದೆ.

ಹಮೀದ ಅಲ್ಲಿ ದೊಡ್ಡದೊಂದು ಶೀತಲ ಗೋದಾಮಿನ ಮೇಲ್ವಿಚಾರಕ. ಹೊರಗೆ ಮರಳು ಕಾದು ಬೆಂಕಿಯಾಗಿರುವಾಗ ಇವನು ಒಳಗೆ ಕೋಟು ಹಾಕಿಕೊಂಡು ಕೋಳಿ ಎಣಿಸುತ್ತಿರುತ್ತಾನೆ. ಬಿಡುವಾದಾಗ ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸುತ್ತಾನೆ, ನಾವು ಅದಕ್ಕೆ ‘ವಾಯ್ಸ್ ಹಾಕುದು’ ಎನ್ನುತ್ತೇವೆ. ಸಂಘ ಮುಚ್ಚಿ, ಸ್ಕೂಟರಿನಲ್ಲಿ ಮನೆಗೆ ಬರುವ ದಾರಿಯಲ್ಲಿ ನಿಲ್ಲಿಸಿ ನಾನು ಅದನ್ನು ಕೇಳುತ್ತೇನೆ. ಹಿನ್ನೆಲೆಯಲ್ಲಿ ದೊಡ್ಡ ಫ್ಯಾನುಗಳ ಸದ್ದು, ನಡುವೆ ಇವನ ಸ್ವರ. ನಾವಿಬ್ಬರೂ ಬೇರೆ ಎಲ್ಲ ವಿಷಯ ಮಾತಾಡುವುದು ತುಳುವಿನಲ್ಲಿ. ಪ್ರೊಸೆಸರಿನ ವಿಷಯ ಬಂದರೆ ಮಾತ್ರ ಕನ್ನಡಕ್ಕೆ ಬರುತ್ತೇವೆ, ಸೆಂಟರಿನಲ್ಲಿ ಕನ್ನಡದಲ್ಲಿ ಪಾಠ ಮಾಡಿದ ಅಭ್ಯಾಸ. ಸಿಟ್ಟು ಬಂದರೆ ಬಹುವಚನಕ್ಕೂ ಬರುತ್ತೇವೆ. ಜಾತಿಯ ಹೆಸರಿನಲ್ಲಿ ನಾನು ‘ಗೌಡ್ರೆ’ ಆಗುತ್ತೇನೆ, ಕರಾವಳಿಯ ಮುಸ್ಲಿಮನಾದ ಅವನು ‘ಬ್ಯಾರಿಗಳೆ’ ಆಗುತ್ತಾನೆ.

ಸಿಟ್ಟು ಬರುವುದಕ್ಕೆ ಕಾರಣವಿತ್ತು. ಪ್ರೊಸೆಸರ್ ಮಾಡುವ ಕಂಪೆನಿಗಳು ಮುಖ್ಯವಾಗಿ ಎರಡು. ಹೆಸರು ಹೇಳಿದರೆ ಎರಡೂ ಕಡೆಯ ಅಭಿಮಾನಿಗಳು ನನ್ನ ಮೇಲೆ ಬೀಳುತ್ತಾರೆ, ಆದ್ದರಿಂದ ಒಂದನ್ನು ನೀಲಿ, ಇನ್ನೊಂದನ್ನು ಕೆಂಪು ಎಂದು ಕರೆಯುತ್ತೇನೆ. ಹಮೀದ ನೀಲಿ, ನಾನು ಕೆಂಪು. ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಪ್ರೊಸೆಸರ್ ಕೂರುವುದು ಮದರ್‌ಬೋರ್ಡ್ ಎಂಬ ಹಲಗೆಯ ಮೇಲೆ, ಅದಕ್ಕೆಂದೇ ಮಾಡಿದ ಒಂದು ಸೀಟಿನಲ್ಲಿ. ನೀಲಿಯ ಸೀಟಿನಲ್ಲಿ ಕೆಂಪು ಕೂರುವುದಿಲ್ಲ, ಕೆಂಪಿನದರಲ್ಲಿ ನೀಲಿ ಕೂರುವುದಿಲ್ಲ. ಒತ್ತಿ ಕೂರಿಸಲು ಹೋದರೆ ಎರಡೂ ಹೋಯಿತು.

“ಗೌಡ್ರೆ, ಕೆಂಪು ಹಾಳಾದ್ರೆ ಪುತ್ತೂರಲ್ಲಿ ನೋಡುವವ ಯಾರುಂಟು? ನೀಲಿಯಾದ್ರೆ ಯಾರ ಕೈಗೆ ಕೊಟ್ಟರೂ ಗೊತ್ತುಂಟು,” ಎಂದು ಒಂದು ವಾಯ್ಸ್ ಬರುತ್ತಿತ್ತು.

“ಬ್ಯಾರಿಗಳೆ, ನಿಮ್ಮ ನೀಲಿಯವ್ರು ಸೀಟು ಬದ್ಲಿಸ್ತಾ ಇರ್ತಾರೆ. ಪ್ರೊಸೆಸರ್ ಬದ್ಲಿಸಿದ್ರೆ ಬೋರ್ಡೂ ಬದ್ಲಿಸ್ಬೇಕು. ಕೆಂಪಿನವ್ರಲ್ಲಿ ಆ ರಗಳೆ ಇಲ್ಲ. ಮತ್ತೆ ಶಾಖ? ನಮ್ಮ ಸೆಕೆಗೆ ನಿಮ್ಮ ನೀಲಿಯ ಮೇಲೆ ದೋಸೆ ಹುಯ್ಬಹುದು,” ಎಂದು ನಾನು.

“ಶಾಖದ ವಿಷಯ ನನ್ನ ಹತ್ರ ಹೇಳ್ಬೇಡಿ. ನಾನಿಲ್ಲಿ ಕೋಟು ಹಾಕಿ ನಿಂತಿದ್ದೇನೆ,” ಎಂದು ಅವನು.

ಹೀಗೆ ವಾದ ಮಾಡಿ ಮಾಡಿ, ಸರಿ, ಈ ಸಲ ತೆಗೆದುಕೊಳ್ಳುವುದೇ ಎಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಎರಡು ಕಂಪೆನಿಗಳಲ್ಲಿ ಒಂದು ಹೊಸ ತಲೆಮಾರಿನ ಪ್ರೊಸೆಸರನ್ನು ಘೋಷಿಸುತ್ತಿತ್ತು. ಹೊಸತು ಬರುವಾಗ ಹಳತನ್ನು ಯಾರು ಕೊಳ್ಳುತ್ತಾರೆ? ಕಾಯಬೇಕು. ಅದು ಬಂದ ಮೇಲೆ ಇನ್ನೊಂದು ಬಣ್ಣದವರು ಏನು ತರುತ್ತಾರೆ ಎಂದು ಕಾಯಬೇಕು. ಆ ಕಾಯುವಿಕೆಯಲ್ಲಿ ಹಮೀದನಿಗೆ ಮೂವರು ಮಕ್ಕಳಾದರು, ನನ್ನ ಮಗಳು ಕಾಲೇಜು ಸೇರಿದಳು, ಅಂಗಡಿಯ ಮೇಲಿನ ನಮ್ಮ ಕೋಣೆ ಯಾರದೋ ಹೊಲಿಗೆ ಅಂಗಡಿಯಾಯಿತು.

ನಿಜ ಹೇಳಬೇಕೆಂದರೆ ಈ ಕಾಯುವಿಕೆ ಮುಗಿಯುವುದೆಂದರೆ ನನಗೆ ಒಳಗೊಳಗೇ ಹೆದರಿಕೆಯಿತ್ತು. ನನ್ನೊಡನೆ ಓದಿದ ಬೇರೆಯವರೂ ಹೊರಗಿದ್ದಾರೆ. ಮೊದಮೊದಲು ಅವರೊಡನೆ ಗಂಟೆಗಟ್ಟಲೆ ಮಾತಾಗುತ್ತಿತ್ತು. ಬರಬರುತ್ತ ಅದು ‘ಹೇಗಿದ್ದಿ, ಆರಾಮ, ಊಟ ಆಯ್ತಾ’ ಎಂಬಲ್ಲಿಗೆ ಬಂತು. ಅವರ ಊಟದ ಹೊತ್ತೂ ನಮ್ಮದೂ ಬೇರೆಯಾದ್ದರಿಂದ ಕೊನೆಗೆ ಅದೂ ನಿಂತು, ಈಗ ಹಬ್ಬಕ್ಕೆ ಒಂದು ಹೂವಿನ ಚಿತ್ರ ಬರುತ್ತದೆ, ನಾನೂ ಒಂದು ಹೂವನ್ನು ಕಳಿಸುತ್ತೇನೆ. ಹಮೀದನೊಬ್ಬ ಮಾತ್ರ ಹಾಗಾಗದೆ ಉಳಿದಿದ್ದಾನೆ. ಅವನ ಕಷ್ಟಸುಖ ಅವನು ಹೇಳುವವನಲ್ಲ, ನಾನೂ ಕೇಳುವವನಲ್ಲ. ಆದರೆ ಕೆಂಪಿನ ಶಾಖಕ್ಕೂ ನೀಲಿಯ ಸೀಟಿಗೂ ಜಗಳವಾಡುವಾಗ ಅವನ ಸ್ವರ ಹೇಗಿದೆ ಎಂದು ನನಗೆ ತಿಳಿಯುತ್ತದೆ. ತಾಯಿ ತೀರಿಕೊಂಡ ವಾರ ಅವನಿಗೆ ರಜೆ ಸಿಗಲಿಲ್ಲ. ಮೂರನೆಯ ದಿನ ವಾಯ್ಸ್ ಬಂತು: “ಗೌಡ್ರೆ, ಆ ಹೊಸದ್ದರ ಕ್ಯಾಶ್ ಎಷ್ಟು ಅಂತ ನೋಡಿದ್ರಾ?” ಕ್ಯಾಶ್ ಎಂದರೆ ಪ್ರೊಸೆಸರಿನೊಳಗಿನ ಸಣ್ಣ ನೆನಪು. ಅದರ ಬಗ್ಗೆ ನಾನು ಆ ದಿನ ದಾರಿ ಬದಿಯಲ್ಲಿ ನಿಂತು, ಕತ್ತಲಾಗುವವರೆಗೆ ಒಂದರ ಹಿಂದೆ ಒಂದು ಉತ್ತರ ಕಳಿಸಿದೆ. ನನಗೆ ಅಳು ಬರುತ್ತಿತ್ತು. ಹೀಗಿರುವಾಗ ಪ್ರೊಸೆಸರನ್ನು ತಂದು ಕೂರಿಸಿಬಿಟ್ಟರೆ, ಆಮೇಲೆ ನಾವು ಮಾತಾಡುವುದು ಏನನ್ನು?

ಕಳೆದ ಬೇಸಗೆಯ ಆರಂಭದಲ್ಲಿ ಹಮೀದ ಎಷ್ಟೋ ವರ್ಷಗಳ ಮೇಲೆ ರಜೆಯಲ್ಲಿ ಬರುತ್ತೇನೆ ಎಂದ. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಗಲ್ಫಿನಿಂದ ಬರುವವನು ಹೊರಡುವ ಮೊದಲು “ಎಂತಾದ್ರೂ ತರ್ಬೇಕಾ?” ಎಂದು ಕೇಳಲೇಬೇಕು. ಕೇಳಿಸಿಕೊಂಡವನು “ಎಂತ ಬೇಡ ಮಾರಾಯ, ನೀನು ಬಂದ್ರೆ ಸಾಕು” ಎಂದು ಹೇಳಲೇಬೇಕು. ಇದನ್ನು ಹೇಳಿದ ಮೇಲೆ ಅವನು ತರುತ್ತಾನೆ. ತಾರದೆ ಬಂದರೆ, ಬೇಡ ಅಂದದ್ದನ್ನು ನಿಜವೆಂದೇ ತಿಳಿದ ಇವನೆಂಥ ಮನುಷ್ಯ ಎಂದು ಮನೆಯವರೆಲ್ಲ ಬೇಸರ ಮಾಡಿಕೊಳ್ಳುತ್ತಾರೆ. ಯಾವ ಬಣ್ಣದ್ದು, ಯಾವ ಅಳತೆಯದ್ದು ಎಂದು ಬಾಯಿಬಿಟ್ಟು ಹೇಳುವುದು ಮಾತ್ರ ಮರ್ಯಾದೆಯಲ್ಲ. ಹೀಗಾಗಿ ನಮ್ಮೂರಿನ ಎಷ್ಟೋ ಮನೆಗಳ ಕಪಾಟಿನಲ್ಲಿ ಯಾರ ಕಾಲಿಗೂ ಆಗದ ಒಳ್ಳೊಳ್ಳೆಯ ಬೂಟುಗಳಿವೆ.

ಹಮೀದ ಕೇಳಿದ: “ಎಂತಾದ್ರೂ ತರ್ಬೇಕಾ?”

ನಾನು ಹೇಳಿದೆ: “ಎಂತ ಬೇಡ ಮಾರಾಯ. ನೀನು ಬಂದ್ರೆ ಸಾಕು.”

“ಸರಿ. ಬೋರ್ಡು ನೀನು ತೆಗ್ದಿಡು,” ಎಂದ.

ಪ್ರೊಸೆಸರ್ ಬರುತ್ತದೆ ಎಂದು ಖಾತ್ರಿಯಾಯಿತು. ಯಾವ ಬಣ್ಣದ್ದು ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳುವ ಅಗತ್ಯ ನನಗೆ ಕಾಣಲೂ ಇಲ್ಲ. ಇಷ್ಟು ವರ್ಷ ನೀಲಿಯ ಪರ ಗಂಟಲು ಹರಿದುಕೊಂಡವನು ನೀಲಿಯನ್ನಲ್ಲದೆ ಇನ್ನೇನನ್ನು ತರುತ್ತಾನೆ?

ಬೋರ್ಡು ತರಲು ಪುತ್ತೂರಿಗೆ ಹೋದೆ. ಅಂಗಡಿಯವನು ಎರಡು ಡಬ್ಬಗಳನ್ನು ಮೇಜಿನ ಮೇಲಿಟ್ಟು, “ಕೆಂಪಿಂದಾ ನೀಲಿದಾ?” ಎಂದು ಕೇಳಿದ. ನೀಲಿ ಎಂದು ಹೇಳಲು ನಾಲಗೆ ಏಳಲಿಲ್ಲ. ಆದರೆ ತನ್ನ ಪೆಟ್ಟಿಗೆಯಲ್ಲಿ, ಮಕ್ಕಳ ಸಾಮಾನು ತೆಗೆದು ಜಾಗ ಮಾಡಿ ತರುವವನು ಹಮೀದ. ಅವನ ಬಣ್ಣವೇ ಇರಲಿ. ಮತ್ತೆ ರಿಪೇರಿಯ ವಿಷಯದಲ್ಲಿ ಅವನು ಹೇಳಿದ್ದೂ ಸುಳ್ಳಲ್ಲ ಎಂದು ಕಾಣತೊಡಗಿತು. ಎರಡು ಡಬ್ಬಗಳನ್ನು ಒಂದು ಗಳಿಗೆಯೂ ಹೋಲಿಸದೆ ನೀಲಿಯದನ್ನು ಎತ್ತಿಕೊಂಡೆ. ಜೀವಮಾನದಲ್ಲಿ ನಾನು ಹೋಲಿಸದೆ ಕೊಂಡ ಮೊದಲ ವಸ್ತು ಅದು. ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಹಮೀದ ಗೆದ್ದ, ಗೆಲ್ಲಲಿ ಎಂದು ದೊಡ್ಡ ಮನುಷ್ಯನಾದ ಹಾಗೆ ಅನಿಸಿತು.

ಮಂಗಳೂರಿಗೆ ಟಿಕೆಟ್ ಸಿಗದೆ ಅವನು ಬೆಂಗಳೂರಿಗೆ ಇಳಿದು ಶಿರಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಬಂದ. ಕರೆದುಕೊಂಡು ಬರಲು ನಾನು ಪರಿಚಯದ ಜೀಪೊಂದನ್ನು ಮಾಡಿಕೊಂಡು ಬೆಳಿಗ್ಗೆಯೇ ಘಾಟಿಯ ಬುಡದ ಗುಂಡ್ಯಕ್ಕೆ ಹೋದೆ. ಬೋರ್ಡಿನ ಡಬ್ಬವನ್ನೂ ಹಿಡಿದುಕೊಂಡಿದ್ದೆ, ಮನೆ ಮುಟ್ಟುವವರೆಗೆ ಕಾಯುವ ತಾಳ್ಮೆಯಿರಲಿಲ್ಲ. ಘಾಟಿ ಇಳಿದ ಬಸ್ಸುಗಳು ಸಾಲಾಗಿ ನಿಂತು, ಜನ ಮೈಮುರಿಯುತ್ತ ಚಹಾಕ್ಕೆ ಇಳಿಯುತ್ತಿದ್ದರು. ಅವರ ನಡುವೆ ಒಬ್ಬ ಬೊಕ್ಕತಲೆಯವನು ನನ್ನನ್ನೇ ನೋಡುತ್ತ ನಿಂತಿದ್ದ. ಸ್ವರ ಕೇಳಿದ ಮೇಲೆಯೇ ನನಗೆ ಗುರುತು ಸಿಕ್ಕಿದ್ದು.

“ಮಾರಾಯ, ನಿನ್ನ ಹೊಟ್ಟೆ ಎಂತ ಇಷ್ಟು ಮುಂದೆ ಬಂದದ್ದು?” ಎಂದ.

“ನಿನ್ನ ಹಣೆ ಹಿಂದೆ ಹೋದ ಹಾಗೆ,” ಎಂದೆ. ಅವನು ನನ್ನ ಭುಜ ಹಿಡಿದೇ ನಿಂತಿದ್ದ.

ಹೋಟೆಲಿನೊಳಗೆ ಕೂತು ಬನ್ಸಿಗೂ ಚಹಾಕ್ಕೂ ಹೇಳಿದೆವು. ಅವನು ಪೆಟ್ಟಿಗೆಯ ಜಿಪ್ಪು ಅಲ್ಲಿಯೇ ಅರ್ಧ ಎಳೆದು, ಖರ್ಜೂರದ ಕಟ್ಟಿನ ಕೆಳಗಿನಿಂದ, ಲುಂಗಿಯಲ್ಲಿ ಸುತ್ತಿದ್ದ ಒಂದು ಸಣ್ಣ ಡಬ್ಬ ತೆಗೆದ. ನಾನು ಚೀಲದಿಂದ ನನ್ನ ಡಬ್ಬ ತೆಗೆದೆ. ಇಬ್ಬರೂ ಒಟ್ಟಿಗೆ ಮೇಜಿನ ಮೇಲಿಟ್ಟೆವು. ಅವನ ಡಬ್ಬ ಕೆಂಪಿನವರದು.

“ಇದೆಂತ?” ಎಂದ ಹಮೀದ, ನನ್ನ ಡಬ್ಬ ತಿರುಗಿಸಿ.

“ನೀಲಿದು. ನಿನ್ನದು.”

“ನೀನು ಕೆಂಪಲ್ವಾ?”

“ಆಗಿದ್ದೆ.”

“ಯಾವಾಗ ಬದ್ಲಾದ್ದು?”

“ಮೊನ್ನೆ. ಪುತ್ತೂರಿನ ಅಂಗಡಿಯಲ್ಲಿ.”

“ಒಂದು ವಾಯ್ಸ್ ಹಾಕ್ಲಿಕ್ಕೆ ನಿಂಗೆ ಎಂತ ಧಾಡಿ ಮಾರಾಯ?”

“ನೀನು ಹಾಕಿದ್ಯಾ?”

ಅವನು ಹಾಕಿರಲಿಲ್ಲ. ಅವನ ಮನಸ್ಸು ಬದಲಾಗಿ ಒಂದು ವರ್ಷವೇ ಆಗಿತ್ತಂತೆ. ಸೀಟು ಬದಲಾಗುವ ವಿಷಯದಲ್ಲಿ ನಾನು ಹೇಳಿದ್ದು ಸರಿಯೆಂದು ಅವನಿಗೆ ಗೋದಾಮಿನಲ್ಲಿ ಕೋಳಿ ಎಣಿಸುವಾಗ ಹೊಳೆಯಿತಂತೆ. ಆದರೆ ಒಪ್ಪಿಕೊಂಡರೆ ನನ್ನ ವಾಯ್ಸ್ ಬರುವುದು ಕಡಿಮೆಯಾದೀತು ಎಂದು, ನಂಬಿಕೆ ಇಲ್ಲದಿದ್ದರೂ ನೀಲಿಯ ಪರವಾಗಿಯೇ ವಾದ ಮಾಡುತ್ತಿದ್ದನಂತೆ. ಇದನ್ನು ಅವನು ಬನ್ಸು ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದ. ಕೇಳಿ ನಾನು ಮೊದಲು ನಕ್ಕೆ. ಆಮೇಲೆ ಚಹಾ ಬಿಸಿಯಿದೆ ಎಂಬ ನೆವದಲ್ಲಿ ಕಣ್ಣೊರೆಸಿಕೊಂಡೆ. ಹೋಟೆಲಿನವರು ಬಂದು ಡಬ್ಬಗಳನ್ನು ಸ್ವಲ್ಪ ಬದಿಗಿಡಿ, ಬೇರೆಯವರಿಗೂ ಜಾಗ ಬೇಕು ಎಂದರು.

ಇದಕ್ಕೆ ಪರಿಹಾರ ಬಹಳ ಸುಲಭವಿತ್ತು, ಪೂರ್ಣಿಮಾ ಮೊದಲ ದಿನವೇ ಅದನ್ನು ಹೇಳಿದಳು. “ಪುತ್ತೂರಿಗೆ ಹೋಗಿ ಬೋರ್ಡು ಬದ್ಲಿಸಿ ತಕೊಂಡು ಬನ್ನಿ. ಇದಕ್ಕೆ ಇಬ್ರು ಕೂತು ಮಂಡೆಬಿಸಿ ಮಾಡುದು ಎಂತ ಉಂಟು?”

ಹಮೀದ ಒಪ್ಪಲಿಲ್ಲ. “ಬೇಡ ಅಕ್ಕ. ಇವ ಜೀವಮಾನದಲ್ಲಿ ಒಂದ್ಸಲ ನನ್ನ ಮಾತು ಕೇಳಿದ್ದು. ಬೋರ್ಡು ಇರ್ಲಿ. ಮುಂದಿನ ಸಲ ನಾನು ನೀಲಿ ತರ್ತೇನೆ.”

ನಾನೂ ಒಪ್ಪಲಿಲ್ಲ. ಅಷ್ಟು ದೂರದಿಂದ ಲುಂಗಿಯಲ್ಲಿ ಸುತ್ತಿ ತಂದ ಕೆಂಪನ್ನು ಮೂಲೆಗಿಡುವುದುಂಟೆ? ಬೋರ್ಡೇ ಬದಲಾಗಲಿ ಎಂದೆ. ಹಾಗೆ ಎಂದ ಮೇಲೆ, ಬದಲಾಗಬೇಕಾದದ್ದು ಬೋರ್ಡೋ ಪ್ರೊಸೆಸರೋ ಎಂದು ಶುರುವಾದ ವಾದ ಅವನ ರಜೆ ಮುಗಿಯುವವರೆಗೂ ನಡೆಯಿತು. ಅದರ ನಡುವೆ ಯಾವ ಬಣ್ಣ ವಾಸಿ ಎಂಬ ಹಳೆಯ ಜಗಳವೂ ಬರುತ್ತಿತ್ತು, ಅದರಲ್ಲಿ ಮಾತ್ರ ಈಗ ನೀಲಿಯ ಗುಣಗಳನ್ನು ನಾನು ಹೇಳುತ್ತಿದ್ದೆ, ಕೆಂಪಿನ ಗುಣಗಳನ್ನು ಅವನು ಹೇಳುತ್ತಿದ್ದ. ಅವರವರ ಹಳೆಯ ಮಾತುಗಳನ್ನೇ ಎದುರಿನವನ ಬಾಯಲ್ಲಿ ಕೇಳುವುದು ವಿಚಿತ್ರವಾಗಿತ್ತು. ದೋಸೆಯ ಮಾತನ್ನೂ ಅವನು ಬಿಡಲಿಲ್ಲ. ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದ.

ಒಂದು ಸಂಜೆ ವಾದ ಮಾಡಿ ದಣಿದು, ಸುಮ್ಮನೆ ಕೂರಲಾಗದೆ ಹಳೆಯ ಕಂಪ್ಯೂಟರನ್ನೇ ಬಿಚ್ಚಿದೆವು. ಒಳಗೆ ಹಲ್ಲಿಯ ಮೊಟ್ಟೆಯ ಚಿಪ್ಪುಗಳು, ಜೇಡರ ಬಲೆ, ಒಂದು ಹಿಡಿ ಧೂಳು. ಫ್ಯಾನು ಎತ್ತಿದರೆ ನಾವು ಅಂದು ಹಚ್ಚಿದ ಬಿಳಿ ಲೇಪ ಒಣಗಿ ಸುಣ್ಣದ ಹಾಗೆ ಉದುರಿತು. “ನಿನ್ನ ಕೈ ನಡುಗಿ ಇಲ್ಲಿ ಜಾಸ್ತಿ ಬಿದ್ದದ್ದು,” ಎಂದ ಹಮೀದ. “ನಿನ್ನದೇ ಕೈ,” ಎಂದೆ ನಾನು. ಅವನು ತಂದ ಹೊಸ ಪ್ರೊಸೆಸರಿನ ಜೊತೆಗೆಂದು ಕೊಂಡ ಲೇಪದ ಟ್ಯೂಬು ಪೆಟ್ಟಿಗೆಯಲ್ಲಿತ್ತು. ಅದನ್ನು ಹಳತಕ್ಕೇ ಹಚ್ಚಿದೆವು. ಕೈ ಈ ಸಲವೂ ನಡುಗುತ್ತಿತ್ತು, ಆದರೆ ಅದು ವಯಸ್ಸಿಗೆ. ಕೂರಿಸಿ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಚಹಾ ಮುಗಿಯುವ ಮೊದಲೇ ಬಂತು. ಹಮೀದ ಮೇಜು ಗುದ್ದಿ ಕೂಗಿದ ಕೂಗಿಗೆ ಹಟ್ಟಿಯ ದನ ಎದ್ದು ನಿಂತಿತು.

“ಇದೇ ಇಷ್ಟು ಓಡ್ತದಾದ್ರೆ ಹೊಸದು ಎಂತಕ್ಕೆ?” ಎಂದು ಪೂರ್ಣಿಮಾ ಕೇಳಿದಾಗ ನಮ್ಮಿಬ್ಬರಿಗೂ ಒಟ್ಟಿಗೆ ಗಾಬರಿಯಾಯಿತು. ಇದು ಬರೀ ತಾತ್ಕಾಲಿಕ, ಒಂದು ಮಳೆಗಾಲವೂ ತಡೆಯುವುದಿಲ್ಲ, ಹೊಸತು ಬೇಕೇ ಬೇಕು ಎಂದು ಇಬ್ಬರೂ ಸೇರಿ ಅವಳಿಗೆ ತಿಳಿಸಿ ಹೇಳಿದೆವು. ನಾವಿಬ್ಬರೂ ಒಂದೇ ಪಕ್ಷದಲ್ಲಿ ನಿಂತು ವಾದಿಸಿದ್ದು ಅದೊಂದೇ ಸಲ.

ರಜೆ ಮುಗಿದು ಹಮೀದ ಹೋದ. ಅವನು ಹೋದ ಮೇಲೆ ಕೆಲವು ದಿನ ಸ್ಕೂಟರನ್ನು ದಾರಿ ಬದಿಯಲ್ಲಿ ನಿಲ್ಲಿಸಲು ನನಗೆ ಮನಸ್ಸಾಗುತ್ತಿರಲಿಲ್ಲ. ಎದುರಿಗೆ ಕೂತು ಜಗಳವಾಡಿ ರುಚಿ ಕಂಡವನಿಗೆ ಫೋನಿನ ಜಗಳ ಸಪ್ಪೆ. ಮನೆಯಲ್ಲಿ ಅವನು ಕೂರುತ್ತಿದ್ದ ಕುರ್ಚಿಯ ಮೇಲೆ ನೀಲಿಯ ದೊಡ್ಡ ಡಬ್ಬ, ಅದರ ಮೇಲೆ ಕೆಂಪಿನ ಸಣ್ಣ ಡಬ್ಬ. ಪೂರ್ಣಿಮಾ ದಿನಾ ಗುಡಿಸುವಾಗ ಎತ್ತಿ, ಮತ್ತೆ ಅಲ್ಲಿಯೇ ಇಡುತ್ತಾಳೆ.

“ಪುತ್ತೂರಿನವ್ರು ಫೋನು ಮಾಡಿದ್ರು,” ಎಂದಳು ಒಂದು ದಿನ. “ಬೋರ್ಡು ಬದ್ಲಿಸುದಾದ್ರೆ ಈ ವಾರವೇ ಬರ್ಬೇಕಂತೆ. ಮತ್ತೆ ಆಗುದಿಲ್ವಂತೆ.”

ನಾನು ಪುತ್ತೂರಿಗೆ ಹೋದೆ. ಬೇಕಾದರೆ ಅವಳನ್ನೇ ಕೇಳಿ, ಆ ವಾರವೇ ಹೋದೆ. ಎರಡು ಮಿಕ್ಸಿಗಳನ್ನು ಬಹಳ ಹೊತ್ತು ಹೋಲಿಸಿ ನೋಡಿ, ಒಂದನ್ನೂ ತಾರದೆ ಬಂದೆ. ಬೋರ್ಡನ್ನು ಕುರ್ಚಿಯ ಮೇಲೆಯೇ ಬಿಟ್ಟು ಹೋಗಿದ್ದೆ. ಮರೆತೇ ಹೋಯಿತು ಎಂದೆ. ಪೂರ್ಣಿಮಾ ಕೆಮ್ಮಿದಳು.

ಮೊನ್ನೆ ಸಂಜೆ ದಾರಿ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿದಾಗ ಹಮೀದನೇ ನೇರ ಫೋನು ಮಾಡಿದ. ಹಿಂದೆ ಅದೇ ಫ್ಯಾನುಗಳ ಸದ್ದು. ಬರುವ ವರ್ಷ ಬೇಗ ರಜೆ ಸಿಗಬಹುದು ಎಂದ. ಆಮೇಲೆ, ಕೇಳಲೇಬೇಕಾದ್ದನ್ನು ಕೇಳಿದ:

“ಎಂತಾದ್ರೂ ತರ್ಬೇಕಾ?”

ನನಗೆ ನಿಜವಾಗಿಯೂ ಏನೂ ಬೇಕಾಗಿರಲಿಲ್ಲ. ಹಳತು ಓಡುತ್ತಿದೆ. ನನಗೆ ಬೇಕಾಗಿದ್ದದ್ದು ಆ ಕುರ್ಚಿಯ ಮೇಲಿನ ಡಬ್ಬಗಳನ್ನು ಕೆಳಗಿಟ್ಟು ಅವನು ಕೂರುವುದು, ಕೂತು ನನ್ನನ್ನು ಗೌಡ್ರೆ ಎಂದು ಬಯ್ಯುವುದು. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಹೇಳಲು ನನಗೆ ಗೊತ್ತಿದ್ದದ್ದು, ನಮ್ಮ ಕಡೆಯಲ್ಲಿ ಎಲ್ಲರೂ ಎಲ್ಲರಿಗೂ ಸುಳ್ಳಾಗಿ ಹೇಳುವ ಅದೊಂದೇ ಮಾತು.

“ಎಂತ ಬೇಡ ಮಾರಾಯ,” ಎಂದೆ. “ನೀನು ಬಂದ್ರೆ ಸಾಕು.”

“ಗೊತ್ತಾಯ್ತು, ಗೊತ್ತಾಯ್ತು,” ಎಂದ ಹಮೀದ. “ನೀಲಿಯೇ ಅಲ್ವಾ? ಯಾವ ಜನರೇಷನಿದ್ದು?”

ನಾನು ಹೇಳಿದೆ. ಅದಕ್ಕೊಂದು ಒಳ್ಳೆಯ ಫ್ಯಾನೂ ಬೇಕಾಗುತ್ತದೆ ಎಂದೆ.